ಇಕ್ಯೂ5 ಮೌಂಟಿಗೆ ಬೆಲ್ಟ್ ಡ್ರೈವ್ ಮತ್ತು ಆನ್‌ಸ್ಟೆಪ್: ಜೋಡಣೆ, ಸೆಟ್ಟಿಂಗ್, ದೋಷ ಹುಡುಕಾಟ

ದೂರದರ್ಶಕ ಹೊರುವ, ಕೈಯಿಂದ ತಿರುಗಿಸುವ ಇಕ್ಯೂ5 ಮೌಂಟಿಗೆ ಎರಡು ಸ್ಟೆಪರ್ ಮೋಟಾರ್ (ಸಣ್ಣ ಹೆಜ್ಜೆಗಳಲ್ಲಿ ತಿರುಗುವ ಮೋಟಾರ್), ಎರಡು ಬೆಲ್ಟ್, ಒಂದು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್ ಹಾಕಿ, ಹೇಳಿದ ನಕ್ಷತ್ರದತ್ತ ತಾನೇ ತಿರುಗುವ ಗೋಟೂ ಮೌಂಟ್ ಮಾಡಿಕೊಂಡ ಕೆಲಸದ ದಾಖಲೆ ಇದು. ಮೇಲೆ ಕೂರುವುದು 400 ಮಿ.ಮೀ. ಫೋಕಲ್ ಲೆಂತಿನ ಸಣ್ಣ ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ) ಮತ್ತು 3.76 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾ. ಒಟ್ಟು ತೂಕ 5 ಕಿಲೋ ದಾಟಬಾರದು. ಎಕ್ಸ್‌ಪೋಷರ್ 3ರಿಂದ 5 ನಿಮಿಷ. ಪಿಕ್ಸೆಲ್ ಅಳತೆಯನ್ನು 206.265ರಿಂದ ಗುಣಿಸಿ ಫೋಕಲ್ ಲೆಂತಿನಿಂದ ಭಾಗಿಸಿದರೆ ಪಿಕ್ಸೆಲ್ಲಿಗೆ 1.94 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಬರುತ್ತದೆ. ನಕ್ಷತ್ರ ದುಂಡಗೆ ಬರಬೇಕಾದರೆ ಟ್ರ್ಯಾಕಿಂಗ್ (ನಕ್ಷತ್ರವನ್ನು ಹಿಂಬಾಲಿಸುವುದು) ತಪ್ಪು ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಲೆಕ್ಕದಲ್ಲಿ 1 ಆರ್ಕ್‌ಸೆಕೆಂಡಿನ ಒಳಗೆ ಇರಬೇಕು.

ಆನ್‌ಸ್ಟೆಪ್ ಎಂಬುದು ಹೊವಾರ್ಡ್ ಡಟನ್ ಬರೆದ, ಮೌಂಟಿನ ಮೋಟಾರುಗಳನ್ನು ನಡೆಸುವ ಮುಕ್ತ ಫರ್ಮ್‌ವೇರ್. ಇಲ್ಲಿ ಬಳಸಿರುವುದು ಅದರ ಹೊಸ ರೂಪವಾದ ಆನ್‌ಸ್ಟೆಪ್ ಎಕ್ಸ್. ಫರ್ಮ್‌ವೇರ್ ಹಾಕುವುದು ಒಂದು ಸಂಜೆಯ ಕೆಲಸ. ಅಂಕಿಗಳನ್ನು ಸರಿಯಾಗಿ ಕೂಡಿಸಿಕೊಳ್ಳದಿದ್ದರೆ ಮಾತ್ರ ಮುಂದೆ ತಿಂಗಳುಗಟ್ಟಲೆ ಗೈಡಿಂಗ್ (ಇನ್ನೊಂದು ಕ್ಯಾಮೆರಾದಿಂದ ನಕ್ಷತ್ರ ನೋಡುತ್ತಾ ಮೌಂಟನ್ನು ತಿದ್ದುವುದು) ಗ್ರಾಫ್ ನೋಡುತ್ತಾ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹಾಗಾಗಿ ಮೊದಲು ಅಂಕಿ, ಆಮೇಲೆ ಸ್ಕ್ರೂಡ್ರೈವರ್.

ಹಲ್ಲುಗಳ ಲೆಕ್ಕ

ಇಕ್ಯೂ5 ವಿಕ್ಸೆನ್ ಗ್ರೇಟ್ ಪೋಲಾರಿಸ್ ವಿನ್ಯಾಸದ ನಕಲು. ಆರ್‌ಎ (ಪೂರ್ವ-ಪಶ್ಚಿಮ), ಡೆಕ್ (ಉತ್ತರ-ದಕ್ಷಿಣ) ಎರಡೂ ಅಕ್ಷಗಳ ವರ್ಮ್ ವ್ಹೀಲಿಗೆ, ಅಂದರೆ ಸ್ಕ್ರೂವಿನಂಥ ವರ್ಮ್ ತಿರುಗಿಸುವ ಹಲ್ಲುಚಕ್ರಕ್ಕೆ, 144 ಹಲ್ಲು. ಕೈಯಲ್ಲಿರುವುದು ಬೇರೆ ಹೆಸರಿನ ಮೌಂಟಾಗಿದ್ದರೆ ನಂಬಿಕೆಯ ಮೇಲೆ ಹೋಗಬೇಡಿ. ವರ್ಮಿನ ಮೇಲೆ ಮಾರ್ಕರ್ ಗುರುತು ಹಾಕಿ, ಅಕ್ಷ ಕಾಲು ಸುತ್ತು ತಿರುಗುವವರೆಗೆ ಎಣಿಸಿ. 36 ಬಂದರೆ 144. ಇಕ್ಯೂ3-2 ಮೌಂಟಿನಲ್ಲಿ ಆರ್‌ಎಗೆ 130, ಡೆಕ್‌ಗೆ 65. ಅಲ್ಲಿ ಕೆಳಗಿನ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು.

ನಾಕ್ಷತ್ರಿಕ ದಿನ, ಅಂದರೆ ನಕ್ಷತ್ರಗಳಿಗೆ ಹೋಲಿಸಿ ಭೂಮಿ ಒಂದು ಸುತ್ತು ಹಾಕುವ ಹೊತ್ತು, 86,164 ಸೆಕೆಂಡ್. 144ರಿಂದ ಭಾಗಿಸಿದರೆ ವರ್ಮ್ ಒಂದು ಸುತ್ತು ಹಾಕಲು 598.36 ಸೆಕೆಂಡ್, ಅಂದರೆ 9 ನಿಮಿಷ 58 ಸೆಕೆಂಡ್ ಹಿಡಿಯುತ್ತದೆ. ಈ ಸಂಖ್ಯೆಯನ್ನು ಮೌಂಟಿನ ಮೇಲೆಯೇ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ, ಅಷ್ಟು ಸಲ ಬೇಕಾಗುತ್ತದೆ.

ಬೆಲ್ಟ್ ಅನುಪಾತ 3:1. ಮೋಟಾರಿಗೆ 20 ಹಲ್ಲಿನ ಜಿಟಿ2 ಪುಲ್ಲಿ, ವರ್ಮಿಗೆ 60 ಹಲ್ಲಿನದು. ಪೂರ್ಣಾಂಕವೇ ಯಾಕೆ ಎಂದರೆ, ವರ್ಮ್ ಒಂದು ಸುತ್ತು ಮುಗಿಸುವಾಗ ಮೋಟಾರ್ ಪುಲ್ಲಿ ಸರಿಯಾಗಿ ಮೂರು ಸುತ್ತು ಮುಗಿಸಿ ಹೊರಟ ಜಾಗಕ್ಕೇ ಬಂದಿರುತ್ತದೆ. ಪುಲ್ಲಿಯ ಓರೆಕೋರೆಯೆಲ್ಲ ವರ್ಮಿನ ತಪ್ಪಿನೊಂದಿಗೇ ಪುನರಾವರ್ತನೆಯಾಗುವುದರಿಂದ ಪಿಇಸಿ, ಅಂದರೆ ಆವರ್ತ ದೋಷದ ತಿದ್ದುಪಡಿ, ಎರಡನ್ನೂ ಒಟ್ಟಿಗೇ ಕಲಿತುಕೊಳ್ಳುತ್ತದೆ. ಎಚ್‌ಇಕ್ಯೂ5 ಮೌಂಟಿನ ಮೂಲ ಗೇರುಗಳು 47:9. ಅಲ್ಲಿ ಗೇರಿನ ತಪ್ಪು ವರ್ಮ್ ಸುತ್ತಿಗೆ ಹೊಂದುವುದಿಲ್ಲ, ಪಿಇಸಿ ಎಷ್ಟು ಕಲಿಸಿದರೂ ಅದು ಉಳಿದೇ ಉಳಿಯುತ್ತದೆ. 16 ಮತ್ತು 60 ಹಲ್ಲಿನ ಜೋಡಿ ಅಗ್ಗಕ್ಕೆ ಸಿಗುತ್ತದೆ ಎಂದು ಹಾಕಿಕೊಳ್ಳುವವರು ಇದನ್ನು ಯೋಚಿಸಿರುವುದಿಲ್ಲ. ಅದರ ಅನುಪಾತ 3.75.

ಮೋಟಾರ್: ನೀಮಾ 17 ಅಳತೆಯ, ಹೆಜ್ಜೆಗೆ 0.9 ಡಿಗ್ರಿಯದು, ಸುತ್ತಿಗೆ 400 ಹೆಜ್ಜೆ. ಒಂದು ಪೂರ್ಣ ಹೆಜ್ಜೆ ಆಕಾಶದಲ್ಲಿ 7.5 ಆರ್ಕ್‌ಸೆಕೆಂಡ್ ಆಗುತ್ತದೆ. ಸಾಮಾನ್ಯ 1.8 ಡಿಗ್ರಿ ಮೋಟಾರಿನಲ್ಲಿ ಅದು 15. ಮೈಕ್ರೋಸ್ಟೆಪ್ (ಪೂರ್ಣ ಹೆಜ್ಜೆಯ ವಿಭಾಗ) ಹೆಚ್ಚಿಸಿದರೆ ಸಾಕಲ್ಲ ಎನ್ನಬಹುದು. ಆದರೆ ಮೈಕ್ರೋಸ್ಟೆಪ್ಪುಗಳು ಸಮಾನವಾಗಿ ಬೀಳುವುದಿಲ್ಲ. ಪೂರ್ಣ ಹೆಜ್ಜೆಯ ಹತ್ತನೇ ಒಂದು ಭಾಗದಷ್ಟು ಏರುಪೇರು ಇದೆ ಎಂದಿಟ್ಟುಕೊಂಡರೆ 0.9 ಡಿಗ್ರಿ ಮೋಟಾರಿನಲ್ಲಿ 0.75 ಆರ್ಕ್‌ಸೆಕೆಂಡ್, 1.8 ಡಿಗ್ರಿಯದರಲ್ಲಿ 1.5. ಮೊದಲನೆಯದು ನಮ್ಮ ಗುರಿಯೊಳಗೆ ಇದೆ, ಎರಡನೆಯದು ಇಲ್ಲ.

32 ಮೈಕ್ರೋಸ್ಟೆಪ್ ಇಟ್ಟರೆ:

ಡಿಗ್ರಿಗೆ ಹೆಜ್ಜೆ = 400 × 32 × 3 × 144 ÷ 360 = 15,360
ವರ್ಮ್ ಸುತ್ತಿಗೆ ಹೆಜ್ಜೆ = 400 × 32 × 3 = 38,400
ಒಂದು ಮೈಕ್ರೋಸ್ಟೆಪ್ = 0.234 ಆರ್ಕ್‌ಸೆಕೆಂಡ್
ಟ್ರ್ಯಾಕಿಂಗ್ ವೇಗದಲ್ಲಿ ಸೆಕೆಂಡಿಗೆ ಸುಮಾರು 64 ಹೆಜ್ಜೆ

ಗೋಟೂ ವೇಗ ಸೆಕೆಂಡಿಗೆ 1 ಡಿಗ್ರಿ ಎಂದರೆ ಮೋಟಾರ್ ನಿಮಿಷಕ್ಕೆ 72 ಸುತ್ತು. 12 ವೋಲ್ಟಿನಲ್ಲೇ ಆರಾಮವಾಗಿ ಓಡುತ್ತದೆ, ಇದಕ್ಕಾಗಿ 24 ವೋಲ್ಟ್ ಸಪ್ಲೈ ಕೊಳ್ಳುವುದು ದುಂದು.

ಬಿಚ್ಚಿ ತೊಳೆದು ಮತ್ತೆ ಕೂರಿಸುವುದು

ಹೊಸ ಮೌಂಟಾದರೂ ಒಳಗಿನ ಗ್ರೀಸ್ ಅಂಟಂಟಾಗಿ, ಲೋಹದ ಪುಡಿ ಸೇರಿಕೊಂಡಿರುತ್ತದೆ. ವರ್ಮ್ ಬ್ಲಾಕ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವರ್ಮಿನ ಎಳೆ, ವ್ಹೀಲಿನ ಹಲ್ಲು ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ನಂತರ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿ. ಗ್ರೀಸ್ ಹೆಚ್ಚಾದಷ್ಟೂ ಒಳ್ಳೆಯದಲ್ಲ, ಅದು ಧೂಳು ಹಿಡಿಯುತ್ತದೆ.

ವರ್ಮ್ ತುದಿಯ ರಿಂಗ್ ನಟ್ಟನ್ನು ಬಿಗಿಮಾಡುವಾಗ ವರ್ಮ್ ಹಿಂದೆ ಮುಂದೆ ಜಾರಬಾರದು, ಆದರೆ ಎರಡು ಬೆರಳಿನಿಂದ ಸಲೀಸಾಗಿ ತಿರುಗಬೇಕು. ಇಲ್ಲಿನ ಸಡಿಲ ನೇರವಾಗಿ ಬ್ಯಾಕ್‌ಲ್ಯಾಷ್ (ದಿಕ್ಕು ಬದಲಿಸಿದಾಗ ಕಾಣುವ ಸಡಿಲು) ಆಗುತ್ತದೆ. ಅದನ್ನು ವರ್ಮ್ ಮತ್ತು ವ್ಹೀಲಿನ ನಡುವಿನ ಅಂತರದಿಂದ ಬಂದದ್ದೆಂದು ತಿಳಿದು ಬ್ಲಾಕನ್ನೇ ಒತ್ತಿ ಬಿಗಿಮಾಡಿಬಿಟ್ಟರೆ ವರ್ಮ್ ಒಂದು ಕಡೆ ಸಡಿಲ, ಒಂದು ಕಡೆ ಗಟ್ಟಿ.

ಬ್ಲಾಕಿನ ಗ್ರಬ್ ಸ್ಕ್ರೂಗಳನ್ನು ಎಂಟನೇ ಒಂದು ಸುತ್ತಿನಷ್ಟೇ ತಿರುಗಿಸುತ್ತಾ ಹೋಗಿ. ಪ್ರತಿ ಸಲವೂ ಅಕ್ಷವನ್ನು ಪೂರ್ತಿ ಒಂದು ಸುತ್ತು ಸುತ್ತಿ ನೋಡಿ, ಏಕೆಂದರೆ ವ್ಹೀಲ್ ಪೂರ್ತಿ ದುಂಡಗಿರುವುದಿಲ್ಲ, ಅತಿ ಬಿಗಿಯಾದ ಜಾಗಕ್ಕೆ ಹೊಂದಿಸಬೇಕು. ಆಮೇಲೆ ಒಂದು ಕೂದಲೆಳೆ ಸಡಿಲ ಬಿಡಿ. ಕಾರಣ ಇದೆ. ಹಿತ್ತಾಳೆ ಡಿಗ್ರಿ ಸೆಲ್ಸಿಯಸ್ಸಿಗೆ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಕುಗ್ಗಿದರೆ ಅಲ್ಯೂಮಿನಿಯಂ ಸುಮಾರು 23 ಪಾಲು ಕುಗ್ಗುತ್ತದೆ. ಮಧ್ಯಾಹ್ನ 33 ಡಿಗ್ರಿಯಲ್ಲಿ ಬಿಗಿಯಾಗಿ ಹೊಂದಿಸಿದ ವರ್ಮ್, ಜನವರಿಯ ಬೆಳಗಿನ ಜಾವ 14 ಡಿಗ್ರಿಗೆ ಇಳಿದಾಗ ಕಚ್ಚಿಕೊಳ್ಳುತ್ತದೆ. ಮೋಟಾರ್ ಸದ್ದಿಲ್ಲದೆ ಹೆಜ್ಜೆ ತಪ್ಪುತ್ತದೆ, ಸಾಫ್ಟ್‌ವೇರಿಗೆ ಅದು ಗೊತ್ತೇ ಆಗುವುದಿಲ್ಲ. ಈ ಮೋಟಾರುಗಳಿಗೆ ಸ್ಥಾನ ಅಳೆಯುವ ಎನ್‌ಕೋಡರ್ ಇಲ್ಲ ಎಂಬುದನ್ನು ಮರೆಯಬಾರದು.

ಬ್ರಾಕೆಟ್ ಮತ್ತು ಬೆಲ್ಟ್

5 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಸಾಕು. ನೀಮಾ 17ರ ನಾಲ್ಕು ಎಂ3 ತೂತುಗಳ ನಡುವಿನ ಅಂತರ 31 ಮಿ.ಮೀ., ನಡುವಿನ ಉಬ್ಬಿಗೆ 22 ಮಿ.ಮೀ. ತೂತು. ಎಂ3 ತೂತುಗಳನ್ನು ಉದ್ದನೆಯ ಸ್ಲಾಟ್ ಮಾಡಿದರೆ ಬೆಲ್ಟ್ ಬಿಗಿ ಹೊಂದಿಸಬಹುದು. 3ಡಿ ಪ್ರಿಂಟ್ ಮಾಡುವುದಾದರೆ ಪಿಎಲ್‌ಎ ಬೇಡ. 60 ಡಿಗ್ರಿಯ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬೆಲ್ಟಿನ ಎಳೆತಕ್ಕೆ ಬಾಗಿಬಿಡುತ್ತದೆ. ಪಿಇಟಿಜಿ ಅಥವಾ ಎಬಿಎಸ್ ಆಗಬಹುದು.

ಅಂತರ್ಜಾಲದಲ್ಲಿ ಸಿಗುವ ಬ್ರಾಕೆಟ್ ವಿನ್ಯಾಸಗಳು ಹೆಚ್ಚಾಗಿ ಯುರೋಪಿನವರು ಮಾಡಿದವು, 45ರಿಂದ 55 ಡಿಗ್ರಿ ಅಕ್ಷಾಂಶಕ್ಕೆ ಕೂರುವಂಥವು. ಬೆಂಗಳೂರಿನ 13 ಡಿಗ್ರಿಗೆ ಮೌಂಟಿನ ತಲೆ ಇಳಿಸಿದಾಗ ಆರ್‌ಎ ಮೋಟಾರ್ ಬಂದು ಆಲ್ಟಿಟ್ಯೂಡ್ (ಎತ್ತರ ಹೊಂದಿಸುವ) ಬೋಲ್ಟಿಗೋ ತಳಕ್ಕೋ ತಾಗಬಹುದು. ಬೀದರಿನಲ್ಲಿ 18 ಡಿಗ್ರಿ ಸಿಗುತ್ತದೆ, ಅಲ್ಪಸ್ವಲ್ಪ ಸಡಿಲ. ತೂತು ಕೊರೆಯುವ ಮುಂಚೆ ರಟ್ಟಿನಲ್ಲಿ ಕತ್ತರಿಸಿ, ಮೌಂಟನ್ನು ನಿಮ್ಮ ಊರಿನ ಅಕ್ಷಾಂಶಕ್ಕೆ ಇಳಿಸಿಟ್ಟು, ಹಿಡಿದು ನೋಡಿ. ಕೌಂಟರ್‌ವೇಟ್ ದಂಡದ ಕಥೆಯೂ ಇದೇ. ಇಷ್ಟು ಕೆಳ ಅಕ್ಷಾಂಶದಲ್ಲಿ ಅದು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಅಜಿಮತ್ (ಅಡ್ಡದಿಕ್ಕು ಹೊಂದಿಸುವ) ಗೂಟವನ್ನು ಜಾಗ ಬದಲಿಸಿ, ದಂಡ ಎರಡು ಕಾಲುಗಳ ನಡುವೆ ಓಡಾಡುವಂತೆ ಮಾಡಿಕೊಳ್ಳಬೇಕು. ಇಲ್ಲವೇ ಸಣ್ಣ ಪಿಯರ್ (ಕಂಬದ) ತುಂಡು ಸೇರಿಸಬೇಕು.

ಬೆಲ್ಟ್: ಜಿಟಿ2, 6 ಮಿ.ಮೀ. ಅಗಲ, 200 ಮಿ.ಮೀ. ಸುತ್ತಳತೆಯ ಬೆಸುಗೆಯಿಲ್ಲದ ಮುಚ್ಚಿದ ಬೆಲ್ಟ್. 60 ಮತ್ತು 20 ಹಲ್ಲಿನ ಪುಲ್ಲಿಗೆ ಇದರ ಕೇಂದ್ರದಿಂದ ಕೇಂದ್ರಕ್ಕೆ ದೂರ 58.6 ಮಿ.ಮೀ. ಸ್ಲಾಟ್ 56ರಿಂದ 60ರವರೆಗೆ ಇರಲಿ. ಸಣ್ಣ ಪುಲ್ಲಿಯಲ್ಲಿ ಎಂಟಕ್ಕಿಂತ ಹೆಚ್ಚು ಹಲ್ಲು ಕಚ್ಚಿರುತ್ತದೆ, ಆರಕ್ಕಿಂತ ಕಡಿಮೆಯಾಗಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 3ಡಿ ಪ್ರಿಂಟರ್ ಬಿಡಿಭಾಗ ಮಾರುವಲ್ಲಿ ಇವೆಲ್ಲ ಸಿಗುತ್ತವೆ. ಆದರೆ ವರ್ನಿಯರ್ ಕ್ಯಾಲಿಪರ್ ಜೊತೆಯಲ್ಲಿ ಒಯ್ಯಿರಿ. ಪುಲ್ಲಿಯ ತೂತು ವರ್ಮಿನ ದಂಡಕ್ಕೆ ಸಡಿಲವಾಗಿದ್ದರೆ ಗ್ರಬ್ ಸ್ಕ್ರೂ ಅದನ್ನು ಒಂದು ಕಡೆಗೆ ತಳ್ಳಿಬಿಡುತ್ತದೆ.

ಈ ತಳ್ಳುವಿಕೆಗೆ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. 60 ಹಲ್ಲಿನ ಪುಲ್ಲಿಯ ತ್ರಿಜ್ಯ 19.1 ಮಿ.ಮೀ. ಕೇಂದ್ರ 0.05 ಮಿ.ಮೀ. ಸರಿದರೆ ವರ್ಮಿನಲ್ಲಿ 540 ಆರ್ಕ್‌ಸೆಕೆಂಡ್ ತಪ್ಪು, 144ರಿಂದ ಭಾಗಿಸಿದರೆ ಆಕಾಶದಲ್ಲಿ 3.75 ಆರ್ಕ್‌ಸೆಕೆಂಡ್, ಎರಡೂ ಕಡೆಗೆ. ಮೋಟಾರಿನ ಸಣ್ಣ ಪುಲ್ಲಿ ಅಷ್ಟೇ ಸರಿದರೂ ಅದೇ 3.75, ಆದರೆ ಅವಧಿ ಮೂರನೇ ಒಂದು ಭಾಗ. ಅವಧಿ ಚಿಕ್ಕದಾದಷ್ಟೂ ತಪ್ಪು ಬೇಗ ಬೆಳೆಯುವುದರಿಂದ ಗೈಡಿಂಗಿಗೆ ಅದು ಹೆಚ್ಚು ಕಷ್ಟ. ತೂತು ದೊಡ್ಡದಾಗಿದ್ದರೆ ಪೀಣ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಷ್ ಕಡೆಸಿಕೊಳ್ಳುವುದು ಸುಲಭ ದಾರಿ. ಅಂಟು ಟೇಪ್ ಸುತ್ತುವ ಉಪಾಯ ಬೇಡ.

ಬೆಲ್ಟನ್ನು ನಡುವೆ ಬೆರಳಿನಿಂದ ಒತ್ತಿದರೆ 2ರಿಂದ 3 ಮಿ.ಮೀ. ತಗ್ಗಬೇಕು. ಹೆಚ್ಚು ಎಳೆದರೆ ವರ್ಮಿನ ದಂಡ ಒಂದು ಪಕ್ಕಕ್ಕೆ ವಾಲುತ್ತದೆ. ಗ್ರಬ್ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಹಾಕಿದರೆ ಮುಂದೆ ಬಿಚ್ಚಲು ಬೆಂಕಿ ಬೇಕಾಗುತ್ತದೆ.

ಬೋರ್ಡ್, ವೈರಿಂಗ್, ಫರ್ಮ್‌ವೇರ್

ಬೋರ್ಡ್ ಎಫ್‌ವೈಎಸ್‌ಇಟಿಸಿ ಇ4. ಇಎಸ್‌ಪಿ32 ಮತ್ತು ನಾಲ್ಕು ಟಿಎಂಸಿ2209 ಡ್ರೈವರುಗಳು (ಮೋಟಾರಿಗೆ ಕರೆಂಟ್ ಕೊಡುವ ಚಿಪ್ಪುಗಳು) ಅದರಲ್ಲೇ ಬೆಸುಗೆಯಾಗಿ ಬರುತ್ತವೆ, ಆನ್‌ಸ್ಟೆಪ್ಪಿನಲ್ಲಿ ಇದಕ್ಕೆ ಪಿನ್‌ಮ್ಯಾಪ್ ಸಿದ್ಧವಿದೆ. ಹಳೆಯ ಡಿಆರ್‌ವಿ8825 ಡ್ರೈವರ್ ಕೈಯಲ್ಲಿದ್ದರೂ ಬಳಸಬೇಡಿ. ಕಡಿಮೆ ಕರೆಂಟಿನಲ್ಲಿ ಅದು ಶೂನ್ಯದ ಹತ್ತಿರದ ಮೈಕ್ರೋಸ್ಟೆಪ್ಪುಗಳನ್ನು ನುಂಗಿ ಆಮೇಲೆ ಒಮ್ಮೆಲೇ ಹಾರುತ್ತದೆ, ಗೈಡಿಂಗ್ ಗ್ರಾಫಿನಲ್ಲಿ ಮೆಟ್ಟಿಲು ಕಾಣುತ್ತದೆ.

ಮೋಟಾರಿನ ನಾಲ್ಕು ವೈರುಗಳಲ್ಲಿ ಯಾವೆರಡು ಒಂದು ಕಾಯಿಲ್ ಎಂದು ತಿಳಿಯಲು ಮಲ್ಟಿಮೀಟರ್ ಇಲ್ಲದಿದ್ದರೂ ಆಗುತ್ತದೆ. ಎರಡು ವೈರ್ ಸೇರಿಸಿ ಹಿಡಿದು ದಂಡ ತಿರುಗಿಸಿ, ಗಟ್ಟಿಯಾದರೆ ಅದೇ ಜೋಡಿ. ಡಬ್ಬಿಯಿಂದ ಮೋಟಾರಿಗೆ ಜಿಎಕ್ಸ್16 ಸ್ಕ್ರೂ ಕನೆಕ್ಟರ್ ಹಾಕಿ. ಕರೆಂಟ್ ಇರುವಾಗ ಮೋಟಾರ್ ಕನೆಕ್ಟರ್ ಕಿತ್ತರೆ ಡ್ರೈವರ್ ಸುಡುತ್ತದೆ. ಇ4 ಬೋರ್ಡಿನಲ್ಲಿ ಡ್ರೈವರ್ ಬದಲಿಸಲು ಬರುವುದಿಲ್ಲ, ಹಾಗಾಗಿ ಕೈಜಾರಿ ಕಳಚದಂಥ ಕನೆಕ್ಟರೇ ಬೇಕು.

ಫರ್ಮ್‌ವೇರಿನ ಕಾನ್ಫಿಗ್ ಫೈಲಿನಲ್ಲಿ ಎರಡೂ ಅಕ್ಷಕ್ಕೆ ಹಾಕಿದ ಬೆಲೆಗಳು: ಡ್ರೈವರ್ ಟಿಎಂಸಿ2209, ಮೈಕ್ರೋಸ್ಟೆಪ್ 32, ಡಿಗ್ರಿಗೆ ಹೆಜ್ಜೆ 15360. ಟ್ರ್ಯಾಕಿಂಗ್ ಕರೆಂಟ್ 600 ಮಿಲಿ ಆಂಪಿಯರ್, ಗೋಟೂ 900, ನಿಂತಾಗ 400. ಆರ್‌ಎಗೆ ಮಾತ್ರ ವರ್ಮ್ ಸುತ್ತಿಗೆ ಹೆಜ್ಜೆ 38400. ಮೌಂಟ್ ಬಗೆ ಜಿಇಎಂ (ಜರ್ಮನ್ ಇಕ್ವಟೋರಿಯಲ್), ಗೋಟೂ ವೇಗ ಸೆಕೆಂಡಿಗೆ 1 ಡಿಗ್ರಿ. ಡ್ರೈವರ್ ಕರೆಂಟ್ ಕೊಡುವ ಎರಡು ರೀತಿಗಳಲ್ಲಿ ಟ್ರ್ಯಾಕಿಂಗಿಗೆ ಸ್ಟೆಲ್ತ್‌ಚಾಪ್, ಗೋಟೂಗೆ ಸ್ಪ್ರೆಡ್‌ಸೈಕಲ್. ಮೋಟಾರ್ ಬಿಸಿಯಾಗುತ್ತದೆಂದು ಟ್ರ್ಯಾಕಿಂಗ್ ಕರೆಂಟನ್ನು 200, 300ಕ್ಕೆ ಇಳಿಸುವ ಚಾಳಿ ಇದೆ. ಇಳಿಸಿದಷ್ಟೂ ಮೋಟಾರಿನ ಅಯಸ್ಕಾಂತದ ಸ್ವಂತ ಹಿಡಿತ ಮೇಲುಗೈಯಾಗಿ ಮೈಕ್ರೋಸ್ಟೆಪ್ಪುಗಳು ಇನ್ನಷ್ಟು ಓರೆಯಾಗುತ್ತವೆ. ಕೈ ಇಟ್ಟರೆ ಬೆಚ್ಚಗಿರುವುದು ಸಹಜ, ಬಿಡಿ.

ಆರ್ಡುಯಿನೋ ಐಡಿಇಯಲ್ಲಿ ಇಎಸ್‌ಪಿ32 ಬೋರ್ಡ್ ಪ್ಯಾಕೇಜ್ ತಾನಾಗಿ ಹೊಸ ಆವೃತ್ತಿಗೆ ಏರದಂತೆ ನೋಡಿಕೊಳ್ಳಿ. ಆನ್‌ಸ್ಟೆಪ್ ವಿಕಿಯಲ್ಲಿ ಹೇಳಿದ ಆವೃತ್ತಿಯೇ ಇರಲಿ. ಕಾನ್ಫಿಗ್ ಬದಲಿಸಿ ಅಪ್‌ಲೋಡ್ ಮಾಡಿದರೂ ಮೌಂಟ್ ಹಳೆಯ ಚಾಳಿಯಲ್ಲೇ ಓಡಿದರೆ, ಬೋರ್ಡಿನ ಶಾಶ್ವತ ಮೆಮೊರಿಯಲ್ಲಿ ಹಳೆಯ ಬೆಲೆ ಕೂತಿದೆ ಎಂದರ್ಥ. ಎನ್‌ವಿ ವೈಪ್ (ಆ ಮೆಮೊರಿ ಅಳಿಸುವ ಆಯ್ಕೆ) ಆನ್ ಮಾಡಿ ಒಮ್ಮೆ ಅಪ್‌ಲೋಡ್ ಮಾಡಿ, ಬೋರ್ಡನ್ನು ಒಂದು ನಿಮಿಷ ಓಡಲು ಬಿಟ್ಟು, ವೈಪ್ ಆಫ್ ಮಾಡಿ ಮತ್ತೆ ಅಪ್‌ಲೋಡ್ ಮಾಡಿ.

ಭಾರತದಲ್ಲಿ ಕೂತು ಸೆಟ್ಟಿಂಗ್ ಹಾಕುವವರು ಎಡವುವ ಜಾಗ ಇನ್ನೊಂದಿದೆ. ಆನ್‌ಸ್ಟೆಪ್ ಮೀಡ್ ಕಂಪನಿಯ ಎಲ್‌ಎಕ್ಸ್200 ದೂರದರ್ಶಕದ ಆಜ್ಞಾ ಪದ್ಧತಿಯದು. ಪಶ್ಚಿಮ ರೇಖಾಂಶ ಧನ, ಪೂರ್ವ ಋಣ. ಬೆಂಗಳೂರು ಅಲ್ಲಿ −77.6. ಸಮಯದ ಅಂತರವೂ ತಲೆಕೆಳಗು: ಸ್ಥಳೀಯ ಸಮಯಕ್ಕೆ ಎಷ್ಟು ಕೂಡಿದರೆ ಯುಟಿಸಿ ಬರುತ್ತದೋ ಅದು, ಅಂದರೆ −5:30. ರೇಖಾಂಶದ ಚಿಹ್ನೆ ತಪ್ಪಿದರೆ ಮೌಂಟಿನ ಲೆಕ್ಕ 155 ಡಿಗ್ರಿ, ಅಂದರೆ 10 ಗಂಟೆ 21 ನಿಮಿಷ, ಆಚೀಚೆ ಆಗುತ್ತದೆ. ಸಮಯದ ಚಿಹ್ನೆ ತಪ್ಪಿದರೆ 11 ಗಂಟೆ. ಎದುರಿಗೆ ಕಾಣುವ ನಕ್ಷತ್ರವನ್ನು ಕೇಳಿದರೆ "ಕ್ಷಿತಿಜದ ಕೆಳಗಿದೆ" ಎಂದು ಗೋಟೂ ನಿರಾಕರಿಸಿದರೆ ಮೊದಲು ಈ ಎರಡು ಚಿಹ್ನೆ ನೋಡಿ. ಕೆಸ್ಟಾರ್ಸ್ (ನಕ್ಷತ್ರ ನಕ್ಷೆಯ ಸಾಫ್ಟ್‌ವೇರ್) ಅಥವಾ ಆಸ್ಕಾಮ್ (ವಿಂಡೋಸಿನ ದೂರದರ್ಶಕ ಡ್ರೈವರ್ ಪದ್ಧತಿ) ಮೂಲಕ ಸ್ಥಳ ಕಳಿಸಿದರೆ ಡ್ರೈವರೇ ಚಿಹ್ನೆ ಬದಲಿಸಿಕೊಳ್ಳುತ್ತದೆ. ಕೈಯಿಂದ ವೆಬ್ ಪುಟದಲ್ಲಿ ತುಂಬುವಾಗಲೇ ಈ ಗೊಂದಲ.

ಮನೆಯೊಳಗಿನ ಪರೀಕ್ಷೆ

ಆಕಾಶ ಬೇಕಿಲ್ಲ. 60 ಹಲ್ಲಿನ ಪುಲ್ಲಿಯ ಮೇಲೆ ಬಿಳಿ ಚುಕ್ಕೆ ಇಟ್ಟು, ಟ್ರ್ಯಾಕಿಂಗ್ ಆನ್ ಮಾಡಿ, ಮೊಬೈಲ್ ಸ್ಟಾಪ್‌ವಾಚ್ ಒತ್ತಿ. ಚುಕ್ಕೆ ಮತ್ತೆ ಅಲ್ಲಿಗೆ ಬರಲು 9 ನಿಮಿಷ 58 ಸೆಕೆಂಡ್ ಆಗಬೇಕು. ಕಾಯಲಾಗದವರು ಮೋಟಾರ್ ಪುಲ್ಲಿ ನೋಡಿ: 3 ನಿಮಿಷ 19 ಸೆಕೆಂಡ್. ಸರಿಯಾಗಿ ಅರ್ಧ ಅಥವಾ ದುಪ್ಪಟ್ಟು ಬಂದರೆ ಮೈಕ್ರೋಸ್ಟೆಪ್ ಇಲ್ಲವೇ 200/400 ಹೆಜ್ಜೆಯ ಗೊಂದಲ. ಕಾಲುಭಾಗ ಬಂದರೆ ಡ್ರೈವರಿಗೆ ಸೆಟ್ಟಿಂಗ್ ತಲುಪಿಲ್ಲ.

ಈ ಕೊನೆಯದು ವಿಚಿತ್ರವಾಗಿ ಕಾಡುತ್ತದೆ. ಟಿಎಂಸಿ2209 ತನ್ನ ಒಳಗಿನ ಲಾಜಿಕ್ಕಿಗೂ ಮೋಟಾರ್ ವೋಲ್ಟೇಜನ್ನೇ ಬಳಸುತ್ತದೆ. ಯುಎಸ್‌ಬಿ ಮೊದಲು ಚುಚ್ಚಿ 12 ವೋಲ್ಟ್ ಆಮೇಲೆ ಕೊಟ್ಟರೆ, ಇಎಸ್‌ಪಿ32 ಎದ್ದು ಸೆಟ್ಟಿಂಗ್ ಕಳಿಸುವ ಹೊತ್ತಿಗೆ ಡ್ರೈವರ್ ಸತ್ತಿರುತ್ತದೆ. ನಂತರ ಎದ್ದ ಡ್ರೈವರ್ ಮೈಕ್ರೋಸ್ಟೆಪ್ಪನ್ನು ತನ್ನ ಎಂಎಸ್1, ಎಂಎಸ್2 ಪಿನ್ನುಗಳಿಂದ ಓದುತ್ತದೆ. ನಾಲ್ಕು ಡ್ರೈವರುಗಳಿಗೆ ಬೇರೆ ಬೇರೆ ವಿಳಾಸ ಕೊಡುವುದಕ್ಕೂ ಇದೇ ಪಿನ್ನುಗಳನ್ನು ಬಳಸುವುದರಿಂದ ಒಂದೊಂದು ಅಕ್ಷ 8, 16, 32, 64ರಲ್ಲಿ ಯಾವುದನ್ನಾದರೂ ಹಿಡಿಯಬಹುದು. ಆರ್‌ಎ ಸರಿ, ಡೆಕ್ ತಪ್ಪು ಎಂಬಂಥ ರೋಗ ಬಂದರೆ ಕೋಡ್ ತಿದ್ದಲು ಹೋಗಬೇಡಿ. 12 ವೋಲ್ಟ್ ಮೊದಲು, ಯುಎಸ್‌ಬಿ ಆಮೇಲೆ. ರಾತ್ರಿ ಬ್ಯಾಟರಿ ಕನೆಕ್ಟರ್ ಒಂದು ಕ್ಷಣ ಸಡಿಲವಾದರೂ ಇದೇ ಗತಿ, ಬೋರ್ಡನ್ನು ರೀಸೆಟ್ ಮಾಡಿ.

ದಿಕ್ಕು ನೋಡಲು ಮೌಂಟಿನ ಹಿಂದೆ ಉತ್ತರಕ್ಕೆ ಮುಖಮಾಡಿ ನಿಲ್ಲಿ. ಟ್ರ್ಯಾಕಿಂಗಿನಲ್ಲಿ ಆರ್‌ಎ ಅಕ್ಷ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಬೇಕು. ಇಲ್ಲದಿದ್ದರೆ ಕಾನ್ಫಿಗ್‌ನಲ್ಲಿ ರಿವರ್ಸ್ ಆನ್ ಮಾಡಿ.

ರಾಸ್‌ಬೆರಿ ಪೈ ಕಡೆಯ ತಕರಾರು

ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಉಪಕರಣಗಳನ್ನು ಜೋಡಿಸುವ ಇಂಡಿ ಸರ್ವರ್, ಕೆಸ್ಟಾರ್ಸ್, ಅದರೊಳಗಿನ ಫೋಟೋ ತೆಗೆಯುವ ಭಾಗವಾದ ಎಕೋಸ್, ಗೈಡಿಂಗಿಗೆ ಪಿಎಚ್‌ಡಿ2. ಮೌಂಟಿಗೆ ಎಲ್‌ಎಕ್ಸ್200 ಆನ್‌ಸ್ಟೆಪ್ ಎಂಬ ಡ್ರೈವರ್. ವಿಂಡೋಸ್ ಬಳಸುವವರಿಗೆ ನೀನಾ (ಫೋಟೋ ತೆಗೆಯುವ ಸಾಫ್ಟ್‌ವೇರ್) ಮತ್ತು ಆನ್‌ಸ್ಟೆಪ್ಪಿನ ಆಸ್ಕಾಮ್ ಡ್ರೈವರ್ ಇದೆ, ಆ ದಾರಿಯೂ ಚೆನ್ನಾಗಿದೆ.

ಮೌಂಟನ್ನು ವೈಫೈ ಮೂಲಕ ಪೋರ್ಟ್ 9999ರಲ್ಲಿ ಜೋಡಿಸಬಹುದು. ಆದರೆ ಇಎಸ್‌ಪಿ32ಗೆ 2.4 ಗಿಗಾಹರ್ಟ್ಸ್ ಮಾತ್ರ ಬರುತ್ತದೆ, ಯುಎಸ್‌ಬಿ 3 ಕ್ಯಾಮೆರಾ ಕೇಬಲ್ ಅದೇ ತರಂಗಾಂತರದಲ್ಲಿ ಗಲಾಟೆ ಮಾಡುತ್ತದೆ. ಫೋಟೋ ಇಳಿಯುವಾಗೆಲ್ಲ ಮೌಂಟ್ ಸಂಪರ್ಕ ತಪ್ಪಿದರೆ ಕಾರಣ ಇದೇ ಇರಬಹುದು. ಮೌಂಟಿಗೆ ಯುಎಸ್‌ಬಿ ಕೇಬಲ್, ಪೈಗೆ 5 ಗಿಗಾಹರ್ಟ್ಸ್ ವೈಫೈ ಎಂಬುದು ಒಳ್ಳೆಯ ಹಂಚಿಕೆ.

ಯುಎಸ್‌ಬಿಗೆ ಅದರದ್ದೇ ಮೂರು ಕಾಟ. ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಸೇವೆ ಬೋರ್ಡಿನ ಯುಎಸ್‌ಬಿ ಚಿಪ್ಪಾದ ಸಿಎಚ್340 ಅನ್ನು ತನ್ನದೆಂದು ಕಿತ್ತುಕೊಳ್ಳುತ್ತದೆ, ಬೇಡವಾದರೆ ಅದನ್ನು ತೆಗೆದುಹಾಕಿ. ಎರಡನೆಯದು, ಫೋಕಸರ್ ಬೋರ್ಡಿನಲ್ಲೂ ಸಿಎಚ್340 ಇದ್ದರೆ ಎರಡಕ್ಕೂ ಸೀರಿಯಲ್ ನಂಬರ್ ಇರುವುದಿಲ್ಲ. ಪ್ರತಿ ಬೂಟಿನಲ್ಲಿ ಪೋರ್ಟ್ 0 ಮತ್ತು 1 ಅದಲುಬದಲಾಗಿ, ಗೋಟೂ ಕೊಟ್ಟರೆ ಆಜ್ಞೆ ಫೋಕಸರಿಗೆ ಹೋಗುತ್ತದೆ. ಯೂಡೆವ್ (ಲಿನಕ್ಸಿನಲ್ಲಿ ಸಾಧನಗಳಿಗೆ ಹೆಸರು ಕೊಡುವ) ನಿಯಮವನ್ನು ಚಿಪ್ಪಿನ ಗುರುತಿನ ಬದಲು ಭೌತಿಕ ಪೋರ್ಟಿನ ದಾರಿಯ ಮೇಲೆ ಬರೆದು, ಆ ಪೋರ್ಟಿಗೆ ಬಣ್ಣದ ಟೇಪ್ ಅಂಟಿಸಿ. ಮೂರನೆಯದು, ಪೋರ್ಟ್ ತೆರೆದ ಕ್ಷಣ ಇಎಸ್‌ಪಿ32 ರೀಸೆಟ್ ಆಗಬಹುದು. ಮೌಂಟ್ ತಾನು ಹೋಮ್ ಸ್ಥಾನದಲ್ಲಿದ್ದೇನೆ ಎಂದುಕೊಳ್ಳುತ್ತದೆ, ಅದುವರೆಗಿನ ಅಲೈನ್‌ಮೆಂಟ್ ಹೋಗುತ್ತದೆ. ಹಾಗಾಗಿ ಇಂಡಿಯಲ್ಲಿ ಕನೆಕ್ಟ್ ಒತ್ತಿದ ಮೇಲೆಯೇ ಉಳಿದ ಕೆಲಸ. ನಡುರಾತ್ರಿ ಡಿಸ್‌ಕನೆಕ್ಟ್ ಮಾಡಿ ಮತ್ತೆ ಜೋಡಿಸಿದರೆ ಪ್ಲೇಟ್ ಸಾಲ್ವ್ (ಫೋಟೋದ ನಕ್ಷತ್ರಗಳಿಂದ ದಿಕ್ಕು ಕಂಡುಹಿಡಿಯುವುದು) ಮಾಡಿ ಸಿಂಕ್ ಮಾಡದೆ ಗೋಟೂ ಒತ್ತಬೇಡಿ.

ವಿದ್ಯುತ್ತಿಗೆ 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಪೈಗೆ ಪ್ರತ್ಯೇಕ 5 ವೋಲ್ಟ್, 3 ಆಂಪಿಯರ್ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸಾಧನ) ಇಟ್ಟು, ಹೊರೆ ಇರುವಾಗ 5.1 ವೋಲ್ಟ್ ಬರುವಂತೆ ಹೊಂದಿಸಿ. 4.63ರ ಕೆಳಗೆ ಹೋದರೆ ಪೈ ಎಚ್ಚರಿಕೆ ಕೊಡುತ್ತದೆ, ಆ ಹೊತ್ತಿಗೆ ಯುಎಸ್‌ಬಿ ಕ್ಯಾಮೆರಾಗಳು ಒಂದೊಂದಾಗಿ ಕಳಚಿಕೊಳ್ಳಲು ಶುರುವಾಗಿರುತ್ತವೆ.

ಧ್ರುವಕ್ಕೆ ಹೊಂದಿಸುವುದು

13 ಡಿಗ್ರಿ ಎತ್ತರದಲ್ಲಿ ಧ್ರುವ ನಕ್ಷತ್ರ ಬರಿಗಣ್ಣಿಗೆ ಕಾಣುವುದೇ ಕಷ್ಟ. ನಗರದ ಅಂಚಿನಲ್ಲಿ ಅದು ಧೂಳಿನಲ್ಲಿ, ತೆಂಗಿನ ಗರಿಯ ಹಿಂದೆ, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಹಿಂದೆ ಇರುತ್ತದೆ. ಕಂಡರೂ ಅಷ್ಟು ಕೆಳಗೆ ವಾತಾವರಣದ ವಕ್ರೀಭವನ ಅದನ್ನು 4 ಆರ್ಕ್‌ಮಿನಿಟ್ (60 ಆರ್ಕ್‌ಸೆಕೆಂಡಿಗೆ ಒಂದು ಆರ್ಕ್‌ಮಿನಿಟ್) ಮೇಲೆತ್ತಿ ತೋರಿಸುತ್ತದೆ. ಧ್ರುವ ಬಿಂದು ತಪ್ಪಿದ ಪ್ರತಿ ಆರ್ಕ್‌ಮಿನಿಟಿಗೆ ಡೆಕ್ ದಿಕ್ಕಿನ ಸರಿತ ಗರಿಷ್ಠ ಎಂದರೆ ನಿಮಿಷಕ್ಕೆ 0.26 ಆರ್ಕ್‌ಸೆಕೆಂಡ್. ನಾಲ್ಕು ಆರ್ಕ್‌ಮಿನಿಟ್ ತಪ್ಪಿಗೆ 5 ನಿಮಿಷದ ಎಕ್ಸ್‌ಪೋಷರಿನಲ್ಲಿ 5 ಆರ್ಕ್‌ಸೆಕೆಂಡ್. ಗೈಡಿಂಗ್ ಇದನ್ನು ನುಂಗಿಕೊಳ್ಳುತ್ತದೆ, ಆದರೆ ಫ್ರೇಮಿನ ಅಂಚಿನ ತಿರುಗುವಿಕೆಯನ್ನು ನುಂಗುವುದಿಲ್ಲ.

ನಮ್ಮ ಅಕ್ಷಾಂಶಕ್ಕೆ ಪೋಲಾರ್ ಸ್ಕೋಪ್ (ಧ್ರುವ ನೋಡುವ ಸಣ್ಣ ದೂರದರ್ಶಕ) ಮರೆತುಬಿಡಿ. ಎಕೋಸಿನ ಪೋಲಾರ್ ಅಲೈನ್‌ಮೆಂಟ್ ಅಸಿಸ್ಟೆಂಟ್ ಅಥವಾ ನೀನಾದ ಮೂರು ಬಿಂದು ವಿಧಾನ ಧ್ರುವ ಕಾಣದೆಯೂ ಕೆಲಸ ಮಾಡುತ್ತವೆ. ಆರ್‌ಎ ಅಕ್ಷವನ್ನು ತಿರುಗಿಸುತ್ತಾ ಮೂರು ಫೋಟೋ ತೆಗೆದು, ಪ್ಲೇಟ್ ಸಾಲ್ವ್ ಮಾಡಿ, ಅಕ್ಷ ಎತ್ತ ನೋಡುತ್ತಿದೆ ಎಂದು ಕಂಡುಹಿಡಿಯುತ್ತವೆ. ಎತ್ತರದ ತೆರೆದ ಆಕಾಶದತ್ತ ತೋರಿಸಿ ಮಾಡಿ, ಕ್ಷಿತಿಜದ ಹತ್ತಿರ ಬೇಡ. ಆಲ್ಟಿಟ್ಯೂಡ್ ಬೋಲ್ಟಿನ ಕೊನೆಯ ತಿರುವು ಯಾವಾಗಲೂ ಮೇಲ್ಮುಖವಾಗಿರಲಿ. ಕೆಳಗಿಳಿಸಿ ನಿಲ್ಲಿಸಿದರೆ ತಲೆ ಬೋಲ್ಟಿನ ಮೇಲೆ ಪೂರ್ತಿ ಕೂತಿರದೆ, ಅರ್ಧ ಗಂಟೆಯಲ್ಲಿ ತಾನೇ ತಗ್ಗುತ್ತದೆ.

ಗೈಡಿಂಗ್ ಲಾಗ್ ಓದುವುದು

ಗೈಡ್ ಸ್ಕೋಪ್ 200 ಮಿ.ಮೀ., ಕ್ಯಾಮೆರಾ ಪಿಕ್ಸೆಲ್ 3.75 ಮೈಕ್ರಾನ್, ಅಂದರೆ ಪಿಕ್ಸೆಲ್ಲಿಗೆ 3.87 ಆರ್ಕ್‌ಸೆಕೆಂಡ್. ಗೈಡ್ ವೇಗ ಟ್ರ್ಯಾಕಿಂಗ್ ವೇಗದ 0.5 ಪಟ್ಟು. ಪಿಎಚ್‌ಡಿ2 ಕ್ಯಾಲಿಬ್ರೇಶನ್ ಹೆಜ್ಜೆ ಸುಮಾರು 1,050 ಮಿಲಿಸೆಕೆಂಡ್, ಮಧ್ಯಾಹ್ನ ರೇಖೆಯ (ಮೆರಿಡಿಯನ್) ಹತ್ತಿರ, ಖಗೋಳ ಸಮಭಾಜಕದ ಹತ್ತಿರ ಮಾಡಬೇಕು. ಎಸ್‌ಟಿ4 ಎಂಬ ಪ್ರತ್ಯೇಕ ಗೈಡಿಂಗ್ ಕೇಬಲ್ ಬೇಡ, ಯುಎಸ್‌ಬಿಯಲ್ಲೇ ಹೋಗುವ ಪಲ್ಸ್ ಗೈಡ್ ಸಾಕು. ಸಮತೂಕದಲ್ಲಿ ಪೂರ್ವದ ಕಡೆ ಒಂದು ಚೂರು ಭಾರ ಇಟ್ಟರೆ ಹಲ್ಲುಗಳು ಒಂದೇ ಬದಿಗೆ ಒರಗಿರುತ್ತವೆ.

ಮೊದಲ ರಾತ್ರಿ ಫೋಟೋ ತೆಗೆಯಬೇಡಿ. ತಿದ್ದುಪಡಿ ಆಫ್ ಮಾಡಿ ಕನಿಷ್ಠ ಮೂರು ವರ್ಮ್ ಸುತ್ತು, ಅಂದರೆ 30 ನಿಮಿಷ, ಸುಮ್ಮನೆ ಲಾಗ್ ಮಾಡಿ. ಪಿಎಚ್‌ಡಿ ಲಾಗ್ ವ್ಯೂವರಿನಲ್ಲಿ ಆರ್‌ಎಯ ಆವರ್ತನ ವಿಶ್ಲೇಷಣೆ ತೆರೆದರೆ ಪ್ರತಿ ಶಿಖರಕ್ಕೂ ಒಂದೊಂದು ಬಿಡಿಭಾಗ ಹೊಣೆ.

598 ಸೆಕೆಂಡ್: ವರ್ಮ್ ಮತ್ತು ದೊಡ್ಡ ಪುಲ್ಲಿ. ಎರಡೂ ಕಡೆಗೆ 20 ಆರ್ಕ್‌ಸೆಕೆಂಡ್ ಇದ್ದರೆ ಇಂಥ ಮೌಂಟಿಗೆ ಆಶ್ಚರ್ಯವಿಲ್ಲ. ಆ ತಪ್ಪಿನ ಗರಿಷ್ಠ ವೇಗ ಸೆಕೆಂಡಿಗೆ 0.21, ಅಂದರೆ ಗೈಡಿಂಗ್ ಇಲ್ಲದೆ 9 ಸೆಕೆಂಡಿಗೇ ಒಂದು ಪಿಕ್ಸೆಲ್ ಹೋಗುತ್ತದೆ. 2 ಸೆಕೆಂಡಿನ ಗೈಡ್ ಎಕ್ಸ್‌ಪೋಷರಿನಲ್ಲಿ 0.42 ಮಾತ್ರ, ತಿದ್ದಲು ಸಾಧ್ಯ.

199 ಸೆಕೆಂಡ್: ಮೋಟಾರಿನ ಪುಲ್ಲಿ ಓರೆ. 3 ಆರ್ಕ್‌ಸೆಕೆಂಡ್ ದಾಟಿದರೆ ಪುಲ್ಲಿ ಬಿಚ್ಚಿ, ಗ್ರಬ್ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಒಂದಾದ ಮೇಲೊಂದು ಬಿಗಿಮಾಡಿ. ಇದೇ ಜಾಗದಲ್ಲಿ ವರ್ಮಿನ ಮೂರನೇ ಹಾರ್ಮೋನಿಕ್ (ಸುತ್ತಿಗೆ ಮೂರು ಸಲ ಬರುವ ತಪ್ಪು) ಕೂಡ ಬೀಳುತ್ತದೆ. ಪುಲ್ಲಿ ತಿರುಗಿಸಿ ಕೂರಿಸಿದರೂ ಶಿಖರ ಕದಲದಿದ್ದರೆ ಅದು ವರ್ಮಿನದೇ.

997 ಸೆಕೆಂಡ್: ಬೆಲ್ಟಿನ ಪೂರ್ತಿ ಸುತ್ತು. ನೂರು ಹಲ್ಲಿನ ಬೆಲ್ಟ್ 60 ಹಲ್ಲಿನ ಪುಲ್ಲಿಯ ಮೇಲೆ ಇಷ್ಟು ಹೊತ್ತಿಗೊಮ್ಮೆ ಸುತ್ತು ಮುಗಿಸುತ್ತದೆ. ವರ್ಮ್ ಸುತ್ತಿಗೆ ಹೊಂದದ್ದರಿಂದ ಇದು ಪಿಇಸಿಗೆ ಸಿಗುವುದಿಲ್ಲ. ಕತ್ತರಿಸಿ ಅಂಟಿಸಿದ ಬೆಲ್ಟಿನಲ್ಲಿ ಎದ್ದು ಕಾಣುತ್ತದೆ.

10 ಸೆಕೆಂಡ್: ಬೆಲ್ಟ್ ಹಲ್ಲು ಪುಲ್ಲಿಗೆ ಕೂರುವ ಅವಧಿ. ಇಷ್ಟು ಚುರುಕಾದ ತಪ್ಪನ್ನು 2 ಸೆಕೆಂಡಿನ ಗೈಡಿಂಗ್ ಅಟ್ಟಿಸಿಕೊಂಡು ಹೋದರೆ ಇನ್ನಷ್ಟು ಹೆಚ್ಚಾಗುತ್ತದೆ. ಬೆಲ್ಟಿನ ಬಿಗಿ ಬದಲಿಸಿ ನೋಡಿ, ಜಗ್ಗದಿದ್ದರೆ ಒಳ್ಳೆಯ ಪುಲ್ಲಿ ಕೊಳ್ಳಿ.

2 ಸೆಕೆಂಡ್: ಮೋಟಾರಿನ ನಾಲ್ಕು ಪೂರ್ಣ ಹೆಜ್ಜೆಯ ವಿದ್ಯುತ್ ಚಕ್ರ. 2 ಸೆಕೆಂಡಿನ ಗೈಡ್ ಎಕ್ಸ್‌ಪೋಷರಿನಲ್ಲಿ ಇದು ಸರಾಸರಿಯಾಗಿ ಅಡಗಿಹೋಗುತ್ತದೆ. ನೋಡಲೇಬೇಕಾದರೆ ಪ್ರಕಾಶಮಾನ ನಕ್ಷತ್ರಕ್ಕೆ 0.2 ಸೆಕೆಂಡ್ ಎಕ್ಸ್‌ಪೋಷರ್ ಇಟ್ಟು ಲಾಗ್ ಮಾಡಿ. ಹೆಚ್ಚಾಗಿದ್ದರೆ ಟ್ರ್ಯಾಕಿಂಗ್ ಕರೆಂಟ್ ಏರಿಸಿ, ಆಗದಿದ್ದರೆ ಟ್ರ್ಯಾಕಿಂಗಿಗೂ ಸ್ಪ್ರೆಡ್‌ಸೈಕಲ್ ಹಾಕಿ ಹೋಲಿಸಿ.

ಯಾವುದೇ ಶಿಖರ ಈ ಪಟ್ಟಿಗೆ ಹೊಂದದಿದ್ದರೆ ಗಾಳಿ, ಕೇಬಲ್ ಎಳೆತ, ಇಲ್ಲವೇ ಮಹಡಿಯ ಮೇಲೆ ಯಾರೋ ಓಡಾಡುತ್ತಿದ್ದಾರೆ.

ಯಂತ್ರದ ಕೆಲಸ ಮುಗಿದ ಮೇಲೆಯೇ ಪಿಇಸಿ. ಆನ್‌ಸ್ಟೆಪ್ಪಿನ ಪಿಇಸಿ ಗೈಡಿಂಗ್ ತಿದ್ದುಪಡಿಗಳನ್ನೇ ಕೇಳಿಸಿಕೊಂಡು ಸೆಕೆಂಡಿಗೊಂದರಂತೆ ಬರೆದಿಟ್ಟುಕೊಳ್ಳುತ್ತದೆ. 720 ಸೆಕೆಂಡಿನ ಬಫರಿಗೆ ನಮ್ಮ 598 ಹಿಡಿಯುತ್ತದೆ. ವರ್ಮಿಗೆ ಹಾಲ್ ಸೆನ್ಸರ್ (ಅಯಸ್ಕಾಂತದಿಂದ ಸ್ಥಾನ ತಿಳಿಯುವ ಸಾಧನ) ಹಾಕದಿದ್ದರೆ ಪ್ರತಿ ಸಲ ಪಾರ್ಕ್ ಮಾಡಿಯೇ ಆಫ್ ಮಾಡಬೇಕು. ಪಾರ್ಕ್ ಮಾಡದೆ ಸ್ವಿಚ್ ಒತ್ತಿದರೆ ವರ್ಮ್ ಎಲ್ಲಿತ್ತೆಂಬ ಲೆಕ್ಕ ತಪ್ಪಿ, ಮರುದಿನ ಪಿಇಸಿ ತಪ್ಪನ್ನು ಕಳೆಯುವ ಬದಲು ದುಪ್ಪಟ್ಟು ಮಾಡಬಹುದು. ಕ್ಲಚ್ ಬಿಟ್ಟು ಕೈಯಿಂದ ಅಕ್ಷ ತಿರುಗಿಸುವುದರಿಂದ ವರ್ಮಿನ ಸ್ಥಾನ ಕೆಡುವುದಿಲ್ಲ, ಆದರೆ ವರ್ಮನ್ನೇ ಕೈಯಿಂದ ತಿರುಗಿಸಿದರೆ ಕೆಡುತ್ತದೆ. ಈ ಗೋಳು ಬೇಡವೆನ್ನುವವರಿಗೆ ಪಿಎಚ್‌ಡಿ2ರಲ್ಲೇ ಪ್ರಿಡಿಕ್ಟಿವ್ ಪಿಇಸಿ ಎಂಬ ಆರ್‌ಎ ಅಲ್ಗಾರಿದಮ್ ಇದೆ. ಅವಧಿಯನ್ನು 598 ಎಂದು ಕೊಟ್ಟು, ತಾನೇ ಹೊಂದಿಸಿಕೊಳ್ಳುವ ಆಯ್ಕೆ ತೆಗೆದುಹಾಕಿ. ಮೊದಲ ಒಂದೆರಡು ಸುತ್ತು ಕಲಿಯಲು ಬಿಡಬೇಕು. ಎರಡು ಪಿಇಸಿಗಳನ್ನೂ ಒಟ್ಟಿಗೆ ಹೊಸದಾಗಿ ಶುರುಮಾಡಿದರೆ ಯಾವುದು ಏನು ಮಾಡುತ್ತಿದೆ ಎಂದು ತಿಳಿಯುವುದಿಲ್ಲ.

ಡೆಕ್ ಅಕ್ಷಕ್ಕೆ ಆವರ್ತ ದೋಷದ ಚಿಂತೆ ಇಲ್ಲ, ಅಲ್ಲಿ ಬ್ಯಾಕ್‌ಲ್ಯಾಷ್ ಒಂದೇ ಶತ್ರು. ಪಿಎಚ್‌ಡಿ2ರ ಗೈಡಿಂಗ್ ಅಸಿಸ್ಟೆಂಟ್ ಅಳೆದು ಹೇಳುವ ಬ್ಯಾಕ್‌ಲ್ಯಾಷ್ 3 ಸೆಕೆಂಡ್ ದಾಟಿದ್ದರೆ ಪರಿಹಾರದ ಪಲ್ಸ್ ಹಾಕುವುದಕ್ಕಿಂತ ಡೆಕ್ ಗೈಡಿಂಗನ್ನು ಒಂದೇ ದಿಕ್ಕಿಗೆ ಇಡುವುದು ಲೇಸು. ಧ್ರುವ ಹೊಂದಾಣಿಕೆಯಲ್ಲಿ ಬೇಕೆಂದೇ ಒಂದೆರಡು ಆರ್ಕ್‌ಮಿನಿಟ್ ತಪ್ಪು ಉಳಿಸಿದರೆ ಸರಿತ ಹೆಚ್ಚು ಹೊತ್ತು ಒಂದೇ ಕಡೆಗಿರುತ್ತದೆ.

ಗ್ರಾಫ್ ಚೆನ್ನಾಗಿದ್ದೂ ನಕ್ಷತ್ರ ಉದ್ದವಾದರೆ ಗೈಡ್ ಸ್ಕೋಪ್ ಮತ್ತು ಮುಖ್ಯ ದೂರದರ್ಶಕ ಬೇರೆ ಬೇರೆಯಾಗಿ ಬಾಗುತ್ತಿವೆ. ಫೈಂಡರ್ ಶೂ ಬಿಟ್ಟು ಗಟ್ಟಿ ರಿಂಗುಗಳಲ್ಲಿ ಕೂರಿಸಿ. ಒಮೆಗಾ ಸೆಂಟಾರಿಯಂಥ ದಕ್ಷಿಣದ ಗುರಿಗಳು ಬೆಂಗಳೂರಿನಲ್ಲಿ 29 ಡಿಗ್ರಿಯಷ್ಟೇ ಏರುತ್ತವೆ, ಈಟಾ ಕರೀನಾ 17. ಅಲ್ಲಿ ಗ್ರಾಫ್ ಕುಣಿದರೆ ಅದು ಗಾಳಿಯ ಕುಣಿತ. ಮೌಂಟ್ ಬಿಚ್ಚುವ ಮೊದಲು ನೆತ್ತಿಯ ಹತ್ತಿರದ ನಕ್ಷತ್ರದಲ್ಲಿ ಒಮ್ಮೆ ಹೋಲಿಸಿ. ನೆತ್ತಿಗೆ ತಿರುಗಿಸುವಾಗ ಕ್ಯಾಮೆರಾ ಟ್ರೈಪಾಡ್ ಕಾಲಿಗೆ ಬಡಿಯದಂತೆ ಮೆರಿಡಿಯನ್ ಮಿತಿಯನ್ನು ಆನ್‌ಸ್ಟೆಪ್ಪಿನಲ್ಲೇ ಹಾಕಿಡಿ, ಪೈ ನಿಂತುಹೋದರೂ ಅದು ಕೆಲಸ ಮಾಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೌಂಟ್ ಮೂಲೆ ಸೇರುತ್ತದೆ. ಒಳಗಿಡುವ ಮುನ್ನ ಬೆಲ್ಟಿನ ಬಿಗಿ ಸಡಿಲಿಸಿ, ವರ್ಮಿನ ದಂಡಕ್ಕೆ ಎಣ್ಣೆ ಸವರಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ. ಅಕ್ಟೋಬರ್‌ನಲ್ಲಿ ಮತ್ತೆ ತೆಗೆದಾಗ ಮೊದಲ ಕೆಲಸ ಬೆಲ್ಟ್ ಬಿಗಿಮಾಡಿ ಬಿಳಿ ಚುಕ್ಕೆಯ ಸ್ಟಾಪ್‌ವಾಚ್ ಪರೀಕ್ಷೆ, ಎರಡನೆಯದು 30 ನಿಮಿಷದ ಲಾಗ್.